ನಾಲ್ಕು ವರ್ಷದಿಂದ ಏರ್ ಪ್ಯೂರಿಫೈಯರ್: ಸಿಲ್ಕ್ ಬೋರ್ಡ್ ಹತ್ತಿರದ ಮನೆಯ ಅನುಭವ

ಈ ಗಾಳಿ ಸೋಸುವ ಮಷೀನ್ 2021ರ ನವೆಂಬರ್‌ನಲ್ಲಿ ತಗೊಂಡಿದ್ದು, 11,500 ರೂಪಾಯಿಗೆ. ಈಗ ಒಳಗಿರೋದು ನಾಲ್ಕನೇ ಫಿಲ್ಟರ್. ನಮ್ಮ ಮನೆ ಬೆಂಗಳೂರಿನ ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿದೆ, ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ನಡೆದೇ ಹೋಗಬಹುದು. ಆಗ ಮೆಟ್ರೋ ಕೆಲಸ ಜೋರಾಗಿ ನಡೆದಿತ್ತು. ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆಯ ಮೇಲೆ ಸಂಜೆ ಹೊತ್ತಿಗೆ ಮಗಳು ಬೆರಳಲ್ಲೇ ರಂಗೋಲಿ ಬಿಡಿಸುತ್ತಿದ್ದಳು. ಅವಳಿಗೆ ಐದು ವರ್ಷ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುತ್ತಿದ್ದಳು, ಬೆನ್ನಿಗೆ ಕಿವಿ ಇಟ್ಟರೆ ಸುಂಯ್ ಅಂತ ಕೇಳಿಸುತ್ತಿತ್ತು. ಡಾಕ್ಟರ್ ಇನ್ಹೇಲರ್ ಕೊಟ್ಟರು. ಮಷೀನ್ ತಗೊಳ್ಳಿ ಅಂತ ಅವರು ಹೇಳಲಿಲ್ಲ, ಅದು ನಮ್ಮದೇ ನಿರ್ಧಾರ.

ಮೊದಲು ಉಪಯೋಗ ಆಯ್ತಾ ಅನ್ನೋದು ಹೇಳಿಬಿಡುತ್ತೇನೆ. ಆಯ್ತು. ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ 70ರಲ್ಲಿದ್ದ ಅಂಕಿ 15ಕ್ಕೆ ಇಳಿಯುತ್ತದೆ. ಇದು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ಅಲ್ಲ, ಪಿಎಂ 2.5 ಅನ್ನೋ ತೀರಾ ಸಣ್ಣ ಕಣಗಳ ಅಳತೆ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಮಗಳ ರಾತ್ರಿ ಕೆಮ್ಮು ಕಡಿಮೆಯಾಯಿತು. ಆದರೆ ಇನ್ಹೇಲರ್ ಕೂಡ ನಡೆಯುತ್ತಿತ್ತು, ಹಾಗಾಗಿ ಪೂರ್ತಿ ಶ್ರೇಯ ಮಷೀನ್‌ಗೇ ಕೊಡಲಾರೆ. ಮಷೀನ್ ಬಂತು ಅಂತ ಔಷಧಿ ನಿಲ್ಲಿಸಬೇಡಿ.

ನಾನು ಎಣಿಸದೇ ಇದ್ದದ್ದು ಒಂದಿತ್ತು. ತಂದ ಮೊದಲ ವಾರ ಅದನ್ನು ಹಾಲ್‌ನಲ್ಲಿಟ್ಟಿದ್ದೆವು. ಒಂದು ಬೆಳಿಗ್ಗೆ ಅತ್ತೆ ಸಾರಿಗೆ ಒಗ್ಗರಣೆ ಹಾಕಿದರು. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಎರಡೇ ನಿಮಿಷಕ್ಕೆ ಹಸಿರು ದೀಪ ಕೆಂಪಾಯಿತು. ಅಂಕಿ 38ರಿಂದ 300 ದಾಟಿತು. "ಅಮ್ಮ, ಕೆಂಪು ಬಂತು!" ಅಂತ ಮಗಳು ಓಡಿ ಬಂದಳು. ದೇವರ ಮುಂದೆ ಊದಿನಕಡ್ಡಿ ಹಚ್ಚಿದಾಗಲೂ ಅಷ್ಟೇ, ಸೊಳ್ಳೆ ಬತ್ತಿ ಹಚ್ಚಿದಾಗಲೂ ಅಷ್ಟೇ. ನಾವು ಸಿಲ್ಕ್ ಬೋರ್ಡ್ ಕಡೆ ಬೊಟ್ಟು ಮಾಡಿಕೊಂಡಿದ್ದೆವು, ಹೊಗೆ ಒಲೆಯ ಮೇಲೇ ಇತ್ತು. ಮಾರನೇ ದಿನವೇ ಕೆಟ್ಟು ಕೂತಿದ್ದ ಎಕ್ಸಾಸ್ಟ್ ಫ್ಯಾನ್ ರಿಪೇರಿ ಮಾಡಿಸಿದೆವು. ಸೊಳ್ಳೆ ಬತ್ತಿ ಬಿಟ್ಟು ಕಿಟಕಿಗೆ ಜಾಲರಿ ಹಾಕಿಸಿದೆವು. ಊದಿನಕಡ್ಡಿ ವಿಷಯ ಅತ್ತೆಗೆ ಹೇಗೆ ಹೇಳೋದು ಅಂತ ನನಗೆ ಸಂಕೋಚ. ಅವರೇ ಅಂಕಿ ನೋಡಿ, "ದೀಪ ಹಚ್ಚಿದರೆ ಸಾಕು ಬಿಡಮ್ಮ, ಮಗು ಉಸಿರಾಡಲಿ" ಅಂದರು.

ಕೊಳ್ಳುವ ಮುಂಚೆ ಒಂದು ಲೆಕ್ಕ ಮಾಡಿಕೊಳ್ಳಿ. ಡಬ್ಬದ ಮೇಲೆ ಸಿಎಡಿಆರ್ ಅಂತ ಬರೆದಿರುತ್ತದೆ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನೋ ಲೆಕ್ಕ. ನಮ್ಮದು 250. ನಮ್ಮ ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ ಏಳು ಸಲ ಗಾಳಿ ಸೋಸಿದ ಹಾಗೆ ಅಲ್ವಾ? ಆದರೆ ಆ 250 ಸಿಗೋದು ಫುಲ್ ಸ್ಪೀಡ್‌ನಲ್ಲಿ ಮಾತ್ರ. ಆ ಸದ್ದಿಗೆ ಮಗು ಇರಲಿ, ದೊಡ್ಡವರಿಗೂ ನಿದ್ದೆ ಬರಲ್ಲ. ಸ್ಲೀಪ್ ಮೋಡ್‌ಗೆ ಹಾಕಿದರೆ ಗಾಳಿ ತೀರಾ ಕಡಿಮೆ. ಹಾಗಾಗಿ ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಮಷೀನ್ ತಗೊಂಡು ಮಧ್ಯದ ಸ್ಪೀಡ್‌ನಲ್ಲಿ ಓಡಿಸೋದು ಜಾಣತನ. ಕರೆಂಟ್ ಬಿಲ್‌ಗೆ ಹೆದರಬೇಕಿಲ್ಲ. ನಮ್ಮದು 40 ವ್ಯಾಟ್, ದಿನಕ್ಕೆ ಹತ್ತು ಗಂಟೆ ಓಡಿದರೂ ತಿಂಗಳಿಗೆ 12 ಯೂನಿಟ್. ಅಯೊನೈಸರ್ ಬಟನ್ ಇದ್ದರೆ ಆಫ್ ಮಾಡಿ. ಅದರಿಂದ ಓಝೋನ್ ಅನಿಲ ಬರಬಹುದು, ಉಬ್ಬಸ ಇರುವವರಿಗೆ ಒಳ್ಳೆಯದಲ್ಲ.

ನಿಜವಾದ ಖರ್ಚು ಫಿಲ್ಟರ್‌ದು. ವರ್ಷಕ್ಕೊಂದು ಬೇಕು, ಒಂದಕ್ಕೆ 2,600 ರೂಪಾಯಿ. ಮೊದಲನೆಯದನ್ನು ಹೊರಗೆ ತೆಗೆದ ದಿನ ನೆನಪಿದೆ. ಹಾಲಿನ ಹಾಗೆ ಬಿಳುಪಿದ್ದ ಮಡಿಕೆಗಳು ಒದ್ದೆ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಮಡಿಕೆ ಬಿಡಿಸಿ ನೋಡಿದರೆ ಆಳದವರೆಗೂ ಕಪ್ಪು. ಇದು ನನ್ನ ಮಗಳ ಎದೆಯೊಳಗೆ ಹೋಗಬೇಕಿತ್ತಲ್ಲ ಅನ್ನಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಎರಡನೇ ಸಲ ಆನ್‌ಲೈನ್‌ನಲ್ಲಿ 1,100ಕ್ಕೆ ಸಿಕ್ಕಿತು ಅಂತ ತರಿಸಿ ಮೋಸ ಹೋದೆವು. ಒಂದು ಬದಿಯಲ್ಲಿ ಕಿರುಬೆರಳು ತೂರುವಷ್ಟು ಸಂದು. ಗಾಳಿ ಸೋಸದೇ ಪಕ್ಕದಿಂದಲೇ ನುಗ್ಗುತ್ತಿತ್ತು. ಮೊದಲು 12ಕ್ಕೆ ಇಳಿಯುತ್ತಿದ್ದ ಕೋಣೆ 45ಕ್ಕೇ ನಿಂತುಬಿಡುತ್ತಿತ್ತು. ದುಡ್ಡು ವಾಪಸ್ ಬರಲಿಲ್ಲ. ಇನ್ನೊಂದು, ಹೊಸ ಫಿಲ್ಟರ್ ಪ್ಲಾಸ್ಟಿಕ್ ಕವರ್‌ನಲ್ಲಿ ಬಂದಿರುತ್ತದೆ, ಅದನ್ನು ತೆಗೆದೇ ಹಾಕಬೇಕು. ಮೇಲಿನ ಮನೆಯವರು ಎರಡು ತಿಂಗಳು ಕವರ್ ಸಮೇತ ಓಡಿಸಿದ್ದರು ಪಾಪ. ಅಂಗಡಿಯವರು ಒಂದು ಮಾತೂ ಹೇಳಿರಲಿಲ್ಲವಂತೆ.

ದೆಹಲಿಯಲ್ಲಿರೋ ನನ್ನ ತಮ್ಮ ಡಬ್ಬಿಯಲ್ಲಿ ಬರುವ ಬೆಟ್ಟದ ಗಾಳಿ ಕಳಿಸಲಾ ಅಕ್ಕ ಅಂತ ಕೇಳಿದ್ದ. ಕೆನಡಾದ ಬ್ಯಾನ್ಫ್ ಬೆಟ್ಟದ ಗಾಳಿಯನ್ನು ಹೀಗೇ ಚೀನಾದಲ್ಲಿ ಮಾರಿದ್ದರು. ದೆಹಲಿಯಲ್ಲೇ 2019ರಲ್ಲಿ 15 ನಿಮಿಷದ ಆಕ್ಸಿಜನ್‌ಗೆ 299 ರೂಪಾಯಿ ತಗೊಳ್ಳುವ ಅಂಗಡಿ ತೆರೆದಿತ್ತು. ಬೇಡ ಅಂದೆ. ಸುಮ್ನೆ ಕೂತಿರುವ ಮನುಷ್ಯನೂ ನಿಮಿಷಕ್ಕೆ ಆರು ಲೀಟರ್‌ನಷ್ಟು ಗಾಳಿ ಎಳೆಯುತ್ತಾನೆ. ಎಂಟು ಲೀಟರಿನ ಡಬ್ಬಿ ಎರಡು ನಿಮಿಷವೂ ಬರಲ್ಲ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಪ್ಯೂರಿಫೈಯರ್‌ಗೂ ಮಿತಿ ಇದೆ. ಅದು ಆಮ್ಲಜನಕ ಕೊಡಲ್ಲ, ನಾವು ಬಿಡುವ ಇಂಗಾಲದ ಡೈಆಕ್ಸೈಡ್ ತೆಗೆಯಲ್ಲ. ಮೊದಲ ತಿಂಗಳು ಎಲ್ಲಾ ಬಿಗಿಯಾಗಿ ಮುಚ್ಚಿ ಮಲಗುತ್ತಿದ್ದೆವು, ಬೆಳಿಗ್ಗೆ ಎದ್ದರೆ ತಲೆ ಭಾರ. ಈಗ ರಾತ್ರಿ ಬಾಗಿಲು ಸ್ವಲ್ಪ ಓರೆ ಮಾಡಿರುತ್ತೇವೆ, ಮಧ್ಯಾಹ್ನ ಕಿಟಕಿ ಪೂರ್ತಿ ತೆರೆಯುತ್ತೇವೆ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರುವ ಹೊತ್ತು ಅದು, ಹೊಗೆ ಚದುರುತ್ತದೆ. ಚಳಿಗಾಲದ ಬೆಳಗಿನ ಜಾವ ಇದಕ್ಕೆ ಉಲ್ಟಾ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಸಿಲ್ಕ್ ಬೋರ್ಡ್‌ನಲ್ಲೇ ಇದೆ. ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್‌ನಲ್ಲಿ ಅದರ ಅಂಕಿ ನೋಡಿಕೊಂಡು ಕಿಟಕಿ ತೆರೆಯೋದು ನಮಗೆ ಅಭ್ಯಾಸವಾಗಿದೆ. ಜೂನ್, ಜುಲೈನಲ್ಲಿ ಮಷೀನ್ ಹೆಚ್ಚುಕಡಿಮೆ ಬಂದ್.

ಆದರೂ ಒಂದು ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ದೀಪ ಕೆಂಪಾಗುತ್ತಿತ್ತು. ಇಳಿದು ಹೋಗಿ ನೋಡಿದರೆ ಮೂಲೆಯ ಖಾಲಿ ಸೈಟ್‌ನಲ್ಲಿ ಗುಡಿಸುವ ಅಕ್ಕ ಒಣ ಎಲೆಗೆ ಬೆಂಕಿ ಹಾಕಿದ್ದರು. "ಎಲೆ ತಗೊಂಡು ಹೋಗೋ ಗಾಡಿ ಬರಲ್ಲ ಮೇಡಂ, ನಾನೆಲ್ಲಿ ಹಾಕ್ಲಿ?" ಅಂದರು. ಹೊಗೆಯ ಮಧ್ಯೆ ನಿಂತಿದ್ದವರು ಅವರೇ, ಸೆರಗಿನಿಂದ ಮೂಗು ಮುಚ್ಚಿಕೊಂಡು. ಬೀದಿಯ ಏಳು ಮನೆಯವರು ಸೇರಿ 4,000 ರೂಪಾಯಿಗೆ ತಂತಿ ಬಲೆಯ ಎರಡು ಗೊಬ್ಬರದ ಗೂಡು ಮಾಡಿಸಿದೆವು. ಬೆಂಕಿ ನಿಂತಿತು. ನಾನು ಕೊಂಡ ಯಾವ ಫಿಲ್ಟರೂ ಆ ಅಕ್ಕನ ಕೆಮ್ಮಿಗೆ ಆಗುತ್ತಿರಲಿಲ್ಲ.

ಈಗ ಮಗಳಿಗೆ ಒಂಬತ್ತು ವರ್ಷ. ಹಳೇ ಮಷೀನ್ ಅತ್ತೆಯ ಕೋಣೆಗೆ ಹೋಗಿದೆ. ಮಗಳ ಕೋಣೆಗೆ ಸಿಎಡಿಆರ್ 350ರ ಮೇಲಿರುವ ಒಂದನ್ನು ನೋಡುತ್ತಿದ್ದೇನೆ. ವೈ-ಫೈ ಬೇಡ, ಬಣ್ಣದ ಲೈಟ್ ಬೇಡ. ಅದರ ಫಿಲ್ಟರ್ ಬೆಂಗಳೂರಿನ ಅಂಗಡಿಯಲ್ಲೇ ಸಿಗಬೇಕು, ಮುಟ್ಟಿ ನೋಡಿ ತಗೊಳ್ಳುವ ಹಾಗಿರಬೇಕು.