ಗ್ಯಾಲ್ವೆಸ್ಟನ್‌ನಿಂದಲೋ, ಸ್ಯಾನ್ ಹ್ವಾನ್‌ನಿಂದಲೋ? ನಾವಿಬ್ಬರೂ ಹೋಗಿಬಂದ ಎರಡು ಕೆರಿಬಿಯನ್ ಕ್ರೂಸ್

ನಾವಿರುವುದು ಅಮೆರಿಕದಲ್ಲಿ. ನನ್ನದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ನಮ್ಮವರದು ಹಗಲು ಕೆಲಸ. ಬೆಳಿಗ್ಗೆ ನಾನು ಮನೆ ಮುಂದೆ ಕಾರು ನಿಲ್ಲಿಸುವಾಗ ಅವರು ತಮ್ಮ ಕಾರು ತೆಗೆಯುತ್ತಿರುತ್ತಾರೆ. ಕಿಟಕಿ ಇಳಿಸಿ "ಫ್ರಿಜ್ಜಲ್ಲಿ ಊಟ ಇದೆ, ಬಿಸಿ ಮಾಡ್ಕೋ" ಅಂತ ಹೇಳಿ ಹೊರಟುಬಿಡುತ್ತಾರೆ. ಎಷ್ಟೋ ದಿನ ನಮ್ಮಿಬ್ಬರ ಮಾತು ಅಷ್ಟೇ. ಹತ್ತನೇ ವರ್ಷದ ಮದುವೆ ದಿನಕ್ಕೆ ಇಬ್ಬರೇ ಎಲ್ಲಾದರೂ ಹೋಗಿಬರೋಣ ಅಂತ ಹಟ ಹಿಡಿದದ್ದು ಇದೇ ಕಾರಣಕ್ಕೆ. ಅತ್ತೆಯವರು ಬಂದಿದ್ದರು. "ಮಗನ್ನ ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ" ಅಂದರು.

ಆಗ ನಮ್ಮ ಮುಂದೆ ಎರಡು ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದು ಊರೂರು ನೋಡುವ ಪ್ರವಾಸ, ಇದ್ದವು. ಎರಡೂ ಏಳು ರಾತ್ರಿಯವು. ಒಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ ಹೊರಟು ಜಮೈಕಾದ ಫಾಲ್ಮತ್, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೋಝುಮೆಲ್ ನೋಡಿಕೊಂಡು ವಾಪಸ್ಸಾಗುವುದು. ಮೂರು ಊರು, ಮೂರು ದಿನ ಬರೀ ಸಮುದ್ರ. ಇನ್ನೊಂದು ಪೋರ್ಟೊ ರಿಕೊದ ಸ್ಯಾನ್ ಹ್ವಾನ್‌ನಿಂದ ಹೊರಟು ಸೇಂಟ್ ಥಾಮಸ್, ಬಾರ್ಬಡೋಸ್, ಸೇಂಟ್ ಲೂಸಿಯಾ, ಸೇಂಟ್ ಕಿಟ್ಸ್, ಸೇಂಟ್ ಮಾರ್ಟನ್ ಸುತ್ತಿಬರುವುದು. ಐದು ದ್ವೀಪ, ಸಮುದ್ರದಲ್ಲಿ ಒಂದೇ ದಿನ. ಕೊಟ್ಟ ದುಡ್ಡಿಗೆ ಜಾಸ್ತಿ ಜಾಗ ಸಿಗುತ್ತೆ ಅಲ್ವಾ ಅಂತ ನಾವು ಎರಡನೆಯದನ್ನೇ ಹಿಡಿದೆವು. ಬಿಟ್ಟಿದ್ದ ಮೊದಲನೆಯದಕ್ಕೆ ಮುಂದಿನ ವರ್ಷ ಹೋದೆವು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುವ ಹಾಗಾಗಿದೆ.

ಮೊದಲು ಸ್ಯಾನ್ ಹ್ವಾನ್. ಪೋರ್ಟೊ ರಿಕೊ ಅಮೆರಿಕದ್ದೇ ಭಾಗ, ಹಾಗಾಗಿ ಅಲ್ಲಿಗೆ ದೇಶದೊಳಗಿನ ವಿಮಾನವೇ. ಆದರೂ ಟಿಕೆಟ್ ಖರ್ಚು ಸೇರಿಸಿಯೇ ಲೆಕ್ಕ ಹಾಕಿ. ಕ್ರೂಸ್ ಮಾತ್ರ ನೋಡಿದರೆ ಇದು ಅಗ್ಗ ಅನಿಸಿತ್ತು. ಇಬ್ಬರ ವಿಮಾನ, ಹಿಂದಿನ ರಾತ್ರಿಯ ಹೋಟೆಲು ಸೇರಿದ ಮೇಲೆ ಗ್ಯಾಲ್ವೆಸ್ಟನ್‌ನದ್ದಕ್ಕಿಂತ ಜಾಸ್ತಿಯೇ ಆಯಿತು. ಹಡಗು ಹೊರಡುವ ದಿನವೇ ವಿಮಾನ ಹತ್ತುವ ಧೈರ್ಯ ಮಾಡಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ಹೋದರೆ ಹಳೇ ಸ್ಯಾನ್ ಹ್ವಾನ್ ಕೂಡ ನೋಡಬಹುದು. ಅಲ್ಲಿನ ಎಲ್ ಮೊರೊ ಕೋಟೆಯನ್ನು ಸ್ಪೇನಿನವರು 1539ರಲ್ಲಿ ಕಟ್ಟಲು ಶುರು ಮಾಡಿದ್ದು. ಕೋಟೆ ಮುಂದಿನ ದೊಡ್ಡ ಹುಲ್ಲುಗಾವಲಲ್ಲಿ ಸಂಜೆ ಜನ ಗಾಳಿಪಟ ಹಾರಿಸುತ್ತಿದ್ದರು. ನಾವಿಬ್ಬರೂ ಒಂದು ಗಂಟೆ ಸುಮ್ನೆ ಅಲ್ಲಿ ಕೂತಿದ್ದೆವು. ಆ ವಾರದಲ್ಲಿ ಅಷ್ಟು ನಿಧಾನವಾಗಿ ಕೂತದ್ದು ಅದೇ ಮೊದಲು, ಹೆಚ್ಚುಕಡಿಮೆ ಅದೇ ಕೊನೆ.

ಯಾಕೆ ಅಂದರೆ ಆಮೇಲೆ ಓಟ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಅಲಾರಂ. ತಿಂಡಿಗೆ ಸಾಲು. ಇಳಿಯಲು ಸಾಲು. ಟ್ಯಾಕ್ಸಿಗೆ ಸಾಲು. ಸಂಜೆ ನಾಲ್ಕರೊಳಗೆ ವಾಪಸ್. ಸ್ನಾನ, ಊಟ, ನಿದ್ದೆ. ಮರುದಿನ ಮತ್ತೆ ಹಾಗೇ.

ದ್ವೀಪಗಳು ಚೆನ್ನಾಗಿಲ್ಲ ಅಂತ ಖಂಡಿತ ಹೇಳುವುದಿಲ್ಲ. ಸೇಂಟ್ ಥಾಮಸ್ ಅನ್ನು ಅಮೆರಿಕ 1917ರಲ್ಲಿ ಡೆನ್ಮಾರ್ಕ್‌ನಿಂದ ಎರಡೂವರೆ ಕೋಟಿ ಡಾಲರ್ ಕೊಟ್ಟು, ಪಕ್ಕದ ದ್ವೀಪಗಳ ಜೊತೆ ಕೊಂಡುಕೊಂಡಿತು. ಅಮೆರಿಕದ ನೆಲವೇ ಆದರೂ ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಎಡಗಡೆ. ಪಕ್ಕ ಪೂರ್ತಿ ತೆರೆದಿರುವ, ಬೆಂಚು ಹಾಕಿದ ಟ್ರಕ್ಕಿನಂಥ ಟ್ಯಾಕ್ಸಿಯಲ್ಲಿ ಕೂತು ಗುಡ್ಡ ಹತ್ತಿ ಮೇಗನ್ಸ್ ಬೇ ಬೀಚಿಗೆ ಇಳಿದೆವು. ಬಾರ್ಬಡೋಸ್‌ನ ಕಾರ್ಲೈಲ್ ಬೇಯಲ್ಲಿ ಮುಖಕ್ಕೆ ಕನ್ನಡಕ ಹಾಕಿಕೊಂಡು ತಲೆ ಮುಳುಗಿಸಿದರೆ ಕೆಳಗೆ ಮುಳುಗಿದ ಹಡಗು, ಪಕ್ಕದಲ್ಲಿ ಆಮೆ. ಸೇಂಟ್ ಮಾರ್ಟನ್ ದ್ವೀಪವನ್ನು 1648ರಲ್ಲಿ ಫ್ರೆಂಚರು, ಡಚ್ಚರು ಹಂಚಿಕೊಂಡರು. ಇವತ್ತಿಗೂ ಒಂದು ಭಾಗ ಅವರದು, ಒಂದು ಭಾಗ ಇವರದು. ಗಡಿಯಲ್ಲಿ ಯಾರೂ ತಡೆಯುವುದಿಲ್ಲ. ಅಲ್ಲಿನ ಮಾಹೊ ಬೀಚಿನಲ್ಲಿ ವಿಮಾನಗಳು ತಲೆ ಮೇಲೇ ಇಳಿಯುತ್ತವೆ. ನಮ್ಮವರಿಗೆ ಅದನ್ನು ನೋಡುವ ಆಸೆ ತುಂಬಾ ಇತ್ತು, ನೋಡಿ ಮಗುವಿನ ಹಾಗೆ ಕುಣಿದರು. ವಿಮಾನ ನಿಲ್ದಾಣದ ಬೇಲಿ ಹಿಡಿದು ಮಾತ್ರ ನಿಲ್ಲಬೇಡಿ. ಹೊರಡುವ ಜೆಟ್‌ನ ಗಾಳಿಗೆ ಅಲ್ಲಿ ಜನ ಬಿದ್ದು ಪ್ರಾಣ ಹೋದದ್ದಿದೆ. ಅಪಾಯದ ಬೋರ್ಡೂ ಹಾಕಿದ್ದಾರೆ.

ಐದರಲ್ಲಿ ನನ್ನ ಮನಸ್ಸಲ್ಲಿ ಉಳಿದದ್ದು ಸೇಂಟ್ ಲೂಸಿಯಾ. ಹಡಗು ನಿಲ್ಲುವುದು ಕ್ಯಾಸ್ಟ್ರೀಸ್‌ನಲ್ಲಿ. ನೋಡಬೇಕಾದ ಎರಡು ಪಿಟಾನ್ ಬೆಟ್ಟಗಳು ಇರುವುದು ದೂರದ ಸೂಫ್ರಿಯೇರ್ ಊರಿನ ಹತ್ತಿರ. ರಸ್ತೆ ಪೂರ್ತಿ ತಿರುವು. ವ್ಯಾನಿನಲ್ಲಿ ಹೋದವರು ಮುಖ ಸಣ್ಣ ಮಾಡಿಕೊಂಡು ಇಳಿದರು. ನಾವು ಅದೃಷ್ಟಕ್ಕೆ ದೋಣಿ ಹಿಡಿದಿದ್ದೆವು. ಸಮುದ್ರದ ಕಡೆಯಿಂದ ನೋಡಿದರೆ ಆ ಎರಡು ಬೆಟ್ಟ ನೀರಿನಿಂದ ನೆಟ್ಟಗೆ ಎದ್ದು ನಿಂತ ಹಾಗಿವೆ. ದೋಣಿಯಲ್ಲಿ ಮಾತಾಡುತ್ತಿದ್ದವರೆಲ್ಲ ತಾವಾಗಿಯೇ ಸುಮ್ಮನಾದರು. ಸೇಂಟ್ ಲೂಸಿಯಾಕ್ಕೆ ಹೋದರೆ ದೋಣಿಯಲ್ಲೇ ಹೋಗಿ, ಇದೊಂದು ಮಾತು ಕೇಳಿ.

ಸೇಂಟ್ ಕಿಟ್ಸ್‌ನಲ್ಲಿ ಹಿಂದೆ ಕಬ್ಬು ಸಾಗಿಸಲು ಹಾಕಿದ ರೈಲು ಹಳಿ ಮೇಲೆ ಈಗ ಪ್ರವಾಸಿಗರನ್ನು ಕೂರಿಸಿಕೊಂಡು ರೈಲು ಹೋಗುತ್ತದೆ. ಅದಕ್ಕೆ ಟಿಕೆಟ್ ತೆಗೆದಿದ್ದೆವು. ಆದರೆ ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ನಾನು ಕಿಟಕಿಗೆ ಒರಗಿ ನಿದ್ದೆ ಹೋದೆ.

ನಿದ್ದೆ ಕೆಟ್ಟದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ರೂಮಿನ ನೆತ್ತಿ ಮೇಲೆ ಹಡಗಿನ ಅಡುಗೆಮನೆ. ಬೆಳಗಿನ ಜಾವ ನಾಲ್ಕೂವರೆಗೆ ಗಾಲಿ ಗಾಡಿಗಳು ಗಡಗಡ ಅಂತ ಓಡಾಡಲು ಶುರು. ಯಾವುದೋ ಭಾರದ ವಸ್ತು ಧೊಪ್ಪನೆ ಬೀಳುವ ಸದ್ದು. ಎರಡನೇ ದಿನವೇ ಕೌಂಟರಿಗೆ ಹೋಗಿ ಹೇಳಿದೆವು. ರೂಮು ಖಾಲಿ ಇಲ್ಲ ಅಂದರು, ಕಿವಿಗೆ ಇಟ್ಟುಕೊಳ್ಳುವ ಹತ್ತಿ ಕೊಟ್ಟರು. ದುಡ್ಡು ಕೊಟ್ಟು ಬಂದವರಿಗೆ ಇದು ಸರಿಯಾದ ಉತ್ತರ ಅಲ್ಲ ಅಂತ ನನಗೆ ಈಗಲೂ ಬೇಜಾರಿದೆ. ಕಂಪನಿಯೇ ಆರಿಸಿಕೊಡುವ ಅಗ್ಗದ ರೂಮು ನಾವು ತೆಗೆದುಕೊಂಡದ್ದು ಮೊದಲ ತಪ್ಪು. ಸ್ವಲ್ಪ ಜಾಸ್ತಿ ಕೊಟ್ಟು ರೂಮ್ ನಂಬರ್ ನೀವೇ ಆರಿಸಿ. ಹಡಗಿನ ಡೆಕ್ಕುಗಳ, ಅಂದರೆ ಮಹಡಿಗಳ, ನಕ್ಷೆ ಎಲ್ಲ ಕಂಪನಿಗಳೂ ಕೊಡುತ್ತವೆ. ಮೇಲಿನ ಡೆಕ್ಕಿನಲ್ಲೂ ರೂಮು, ಕೆಳಗಿನ ಡೆಕ್ಕಿನಲ್ಲೂ ರೂಮು ಇರುವ ಜಾಗ ನೋಡಿ. ಹಡಗಿನ ನಡು ಭಾಗ, ತೀರಾ ಮೇಲಲ್ಲದ ಡೆಕ್ಕು ಆದರೆ ತೂಗಾಟವೂ ಕಡಿಮೆ.

ಈಗ ಗ್ಯಾಲ್ವೆಸ್ಟನ್. ಮರುವರ್ಷ ಫೆಬ್ರವರಿಯಲ್ಲಿ ಹೋದದ್ದು. ಕಾರಿನಲ್ಲೇ ಹೋಗಿ ಬಂದರಿನ ಹತ್ತಿರ ನಿಲ್ಲಿಸಿದೆವು. ವಿಮಾನದ ತಲೆನೋವಿಲ್ಲ, ಸೂಟ್‌ಕೇಸ್ ತೂಗುವ ಕೆಲಸವಿಲ್ಲ. ಹಡಗು ಮಾತ್ರ ಬಹಳ ದೊಡ್ಡದು, 4,000ಕ್ಕೂ ಜಾಸ್ತಿ ಜನ. ಲಿಫ್ಟಿಗೆ ಕಾಯುವುದೇ ಒಂದು ಕೆಲಸ. ಈಜುಕೊಳದ ಸುತ್ತ ಬೆಳಿಗ್ಗೆ ಏಳಕ್ಕೇ ಕುರ್ಚಿಗಳ ಮೇಲೆ ಟವೆಲ್ ಹಾಸಿ ಜಾಗ ಹಿಡಿದಿರುತ್ತಾರೆ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಈ ಸಲ ಬಾಲ್ಕನಿ ಇರುವ ರೂಮು ತೆಗೆದಿದ್ದೆವು. ಕೊಳದ ಕಡೆ ಹೋಗುವ ಅಗತ್ಯವೇ ಬರಲಿಲ್ಲ.

ಹೊರಟ ಮೇಲೆ ಮೊದಲ ಎರಡು ದಿನ ಎಲ್ಲೂ ನಿಲ್ಲುವುದಿಲ್ಲ. ಮೊದಲ ದಿನ ನಾನು ಹನ್ನೊಂದು ಗಂಟೆಯವರೆಗೆ ಮಲಗಿದೆ. ಎದ್ದಾಗ ಬಾಲ್ಕನಿ ಬಾಗಿಲು ತೆರೆದಿತ್ತು. ನಮ್ಮವರು ಹೊರಗೆ ಕೂತಿದ್ದರು. ಮೇಜಿನ ಮೇಲೆ ಎರಡು ಕಪ್ಪು. ಒಂದು ಖಾಲಿ. ಇನ್ನೊಂದರ ಮೇಲೆ ತಟ್ಟೆ ಮುಚ್ಚಿ, ಗಾಳಿಗೆ ಹಾರದ ಹಾಗೆ ತಮ್ಮ ಕನ್ನಡಕದ ಡಬ್ಬಿ ಇಟ್ಟಿದ್ದರು. ಕಾಫಿ ಆರಿಹೋಗಿತ್ತು. ನಾನು ಅದನ್ನೇ ಕುಡಿದೆ. ಅವತ್ತು ಮಧ್ಯಾಹ್ನದವರೆಗೆ ಅಲ್ಲೇ ಕೂತು ಮಾತಾಡಿದೆವು. ಅವರ ಆಫೀಸಿನಲ್ಲಿ ಹೋದ ವರ್ಷ ಎಷ್ಟು ಕಷ್ಟ ಆಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಆ ಬಾಲ್ಕನಿಯಲ್ಲಿ. ರಾತ್ರಿ ದೂರದ ಮೋಡದೊಳಗೆ ಸದ್ದಿಲ್ಲದೆ ಮಿಂಚುತ್ತಿತ್ತು. ದೀಪ ಆರಿಸಿ ಅದನ್ನೇ ನೋಡುತ್ತಾ ಕೂತೆವು.

ಹೀಗಾಗಿ, ಗಂಡ ಹೆಂಡತಿ ಒಬ್ಬರಿಗೊಬ್ಬರು ಸಿಗಬೇಕು ಅಂತ ಹೋಗುತ್ತಿದ್ದರೆ ಸಮುದ್ರದ ದಿನ ಜಾಸ್ತಿ ಇರುವ ಕ್ರೂಸ್ ಆರಿಸಿ ಅನ್ನುತ್ತೇನೆ. ಜಾಹೀರಾತಿನಲ್ಲಿ ಎಷ್ಟು ಊರು ಅಂತ ದೊಡ್ಡದಾಗಿ ಬರೆದಿರುತ್ತಾರೆ. ನಾವೂ ಅದನ್ನೇ ಎಣಿಸಿ ಮೋಸ ಹೋದೆವು. ಊರು ನೋಡುವ ಹುಮ್ಮಸ್ಸಿರುವ, ಮನೆಯಲ್ಲಿ ದಿನಾ ಜೊತೆಗೇ ಊಟ ಮಾಡುವ ಜೋಡಿಗೆ ಸ್ಯಾನ್ ಹ್ವಾನ್ ಚೆನ್ನಾಗಿಯೇ ಹೊಂದುತ್ತದೆ.

ಗ್ಯಾಲ್ವೆಸ್ಟನ್ ಕ್ರೂಸ್‌ನ ಮೂರು ಊರುಗಳೂ ಸುಮ್ನೆ ಲೆಕ್ಕಕ್ಕೆ ಇದ್ದವಲ್ಲ. ಜಮೈಕಾದಲ್ಲಿ ಡನ್ಸ್ ರಿವರ್ ಜಲಪಾತವನ್ನು ಕೆಳಗಿನಿಂದ ಮೇಲೆ ಹತ್ತುತ್ತಾರೆ, ಕೈ ಕೈ ಹಿಡಿದು ಸಾಲಾಗಿ. ಫಾಲ್ಮತ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ಮೇಲೆ ಬೇಕು. ಕಾಲಿಗೆ ಜಾರದ ಶೂ ಇರಲಿ. ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ನಿಲ್ಲುವ ಕಟ್ಟೆಯೇ ಇಲ್ಲ. ಸಮುದ್ರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜಾರ್ಜ್ ಟೌನ್‌ಗೆ ಬಿಡುತ್ತಾರೆ. ಗಾಳಿ ಜೋರಾಗಿದ್ದರೆ ಆ ಊರೇ ರದ್ದು. ನಮಗೆ ಸಿಕ್ಕಿತು. ಅಲ್ಲಿ ಸ್ಟಿಂಗ್‌ರೇ ಸಿಟಿ ಅಂತ ಸಮುದ್ರದ ನಡುವೆ ಒಂದು ಮರಳ ದಿಬ್ಬ. ಸೊಂಟದವರೆಗೆ ನೀರು. ಹಿಂದೆ ಬೆಸ್ತರು ಅಲ್ಲಿ ಮೀನು ಶುಚಿ ಮಾಡಿ ಉಳಿದದ್ದನ್ನು ನೀರಿಗೆ ಎಸೆಯುತ್ತಿದ್ದರು. ಅದರ ರುಚಿಗೆ ಸ್ಟಿಂಗ್‌ರೇ ಅನ್ನುವ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನುಗಳು ಬಂದು ನೆಲೆಯಾದವು. ಹೆಜ್ಜೆ ಎತ್ತಿ ಇಡಬೇಡಿ, ಪಾದ ಎಳೆದುಕೊಂಡು ನಡೆಯಿರಿ ಅಂತ ಮೊದಲೇ ಹೇಳುತ್ತಾರೆ, ಮೀನಿನ ಮೇಲೆ ಕಾಲಿಡಬಾರದು ಅಂತ. ಒಂದು ನನ್ನ ಮೊಣಕಾಲು ಸವರಿಕೊಂಡು ಹೋಯಿತು. ಒದ್ದೆ ಅಣಬೆ ಮುಟ್ಟಿದ ಹಾಗೆ ಅಷ್ಟು ಮೆತ್ತಗೆ. ನಾನು ಕಿರುಚಿ ನಮ್ಮವರ ತೋಳು ಹಿಡಿದುಕೊಂಡೆ. ಎರಡು ನಿಮಿಷ ಕಳೆದ ಮೇಲೆ ನಾನೇ ಕೈ ಚಾಚಿ ನಿಂತಿದ್ದೆ.

ಕೋಝುಮೆಲ್ ಹವಳದ ದಿಬ್ಬಗಳಿಗೆ ಹೆಸರಾದ ಜಾಗ. ಅಲ್ಲಿ ನೀರಿನ ಸೆಳೆತ ಇರುವುದರಿಂದ ಈಜುವ ಕೆಲಸವೇ ಕಡಿಮೆ. ತೇಲುವ ಜಾಕೆಟ್ ಹಾಕಿಕೊಂಡು ಮುಖ ಕೆಳಗೆ ಮಾಡಿದರೆ ಸಾಕು, ನೀರೇ ಮುಂದಕ್ಕೆ ಒಯ್ಯುತ್ತದೆ. ದೋಣಿಯವರು ಹಿಂದೆಯೇ ಬಂದು ಹತ್ತಿಸಿಕೊಳ್ಳುತ್ತಾರೆ.

ಕೊನೆಯ ದಿನ ಒಂದು ತೊಂದರೆ ಆಯಿತು. ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್ ಬಂದರಿಗೆ ದಟ್ಟ ಮಂಜು ಬೀಳುತ್ತದೆ. ಹಡಗು ಒಳಗೆ ಬರಲಾಗದೆ ಹೊರಗೇ ನಾಲ್ಕು ಗಂಟೆ ನಿಂತಿತ್ತು. ಆವತ್ತೇ ವಿಮಾನ ಇದ್ದವರು ಅಳುವ ಹಾಗಾಗಿದ್ದರು. ಜನವರಿ, ಫೆಬ್ರವರಿಯಲ್ಲಿ ಅಲ್ಲಿಂದ ಹೋಗುವುದಾದರೆ ಮರುದಿನವೂ ರಜೆ ಹಾಕಿಕೊಳ್ಳಿ. ಬೇಸಿಗೆಯ ನಂತರ ಹೋಗುವವರಿಗೆ ಬೇರೆ ಚಿಂತೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಸೆಪ್ಟೆಂಬರ್‌ನಲ್ಲಿ ಅತಿ ಜಾಸ್ತಿ. ಆಗ ಬೆಲೆ ಇಳಿಯುತ್ತದೆ, ಆದರೆ ಹಡಗು ದಾರಿಯನ್ನೇ ಬದಲಿಸಬಹುದು.

ಖರ್ಚಿನ ವಿಚಾರ. ಕಾಣುವ ಬೆಲೆ ಒಬ್ಬರಿಗೆ, ಅದೂ ಒಂದು ರೂಮಿನಲ್ಲಿ ಇಬ್ಬರು ಇದ್ದರೆ. ಅದರ ಮೇಲೆ ಬಂದರಿನ ತೆರಿಗೆ ಬರುತ್ತದೆ. ಟಿಪ್ಸ್ ದಿನಕ್ಕೆ ತಲಾ ಇಷ್ಟು ಅಂತ ತಾನಾಗಿ ಸೇರುತ್ತದೆ, ನಾವು ಹೋದಾಗ 16ರಿಂದ 20 ಡಾಲರ್ ಇತ್ತು. ಇಬ್ಬರಿಗೆ ಏಳು ದಿನಕ್ಕೆ 224 ಡಾಲರ್‌ನಿಂದ ಶುರು ಅಂತಾಯಿತು. ಮದ್ಯದ ಪ್ಯಾಕೇಜನ್ನು ರೂಮಿನ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕು ಅನ್ನುವ ನಿಯಮ ಹೆಚ್ಚಿನ ಕಂಪನಿಗಳಲ್ಲಿದೆ. ನಿಮ್ಮಲ್ಲಿ ಒಬ್ಬರೇ ಕುಡಿಯುವವರಾದರೆ ಅದರ ತಂಟೆಗೆ ಹೋಗಬೇಡಿ. ಫೋನು ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಇಲ್ಲದಿದ್ದರೆ ಹಡಗಿನ ಮೊಬೈಲ್ ನೆಟ್‌ವರ್ಕ್ ಹಿಡಿದು ದೊಡ್ಡ ಬಿಲ್ ಬರುತ್ತದೆ.

ಭಾರತದ ಪಾಸ್‌ಪೋರ್ಟ್ ಇದ್ದರೆ ಮುಂಗಡ ಕಟ್ಟುವ ಮುಂಚೆಯೇ ವೀಸಾ ನೋಡಿಕೊಳ್ಳಿ. ವೀಸಾ ಮೇಲೆ ಇರುವವರಾದರೆ ಅಮೆರಿಕಕ್ಕೆ ಮರಳಿ ಬರಲು ಅದು ಚಾಲ್ತಿಯಲ್ಲಿರಬೇಕು, ಒಂದಕ್ಕಿಂತ ಜಾಸ್ತಿ ಸಲ ಬರಲು ಬಿಡುವಂಥದ್ದಾಗಿರಬೇಕು. ಆ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ಬೇಡ. ಉಳಿದ ದ್ವೀಪಗಳದ್ದು ಒಂದೊಂದರದೂ ಒಂದೊಂದು ನಿಯಮ. ಈ ಲೆಕ್ಕದಲ್ಲೂ ಐದು ದ್ವೀಪಕ್ಕಿಂತ ಮೂರು ಊರು ಸುಲಭ.

ನಾವಿಬ್ಬರೂ ಸಸ್ಯಾಹಾರಿಗಳು. ಎರಡೂ ಹಡಗಿನಲ್ಲಿ ಊಟಕ್ಕೆ ತೊಂದರೆ ಆಗಲಿಲ್ಲ. ಮೊದಲ ರಾತ್ರಿಯೇ ಊಟದ ಹಾಲಿನ ಮುಖ್ಯಸ್ಥರಿಗೆ ಹೇಳಿಟ್ಟರೆ ಮರುದಿನದಿಂದ ಭಾರತೀಯ ಅಡುಗೆ ಬೇರೆಯಾಗಿ ಮಾಡಿಸಿಕೊಡುತ್ತಾರೆ. ಅದೇ ಹೊತ್ತಿಗೆ ಇಬ್ಬರಿಗೇ ಆಗುವ ಮೇಜು ಕೇಳಿ. ನಾವು ಮೊದಲ ಸಲ ಕೇಳಲಿಲ್ಲ, ಎಂಟು ಜನರ ಮೇಜಿಗೆ ಹಾಕಿದ್ದರು. ಒಳ್ಳೆಯ ಜನವೇ. ಆದರೆ ಏಳು ರಾತ್ರಿಯೂ ಅವರ ಜೊತೆಗೇ ಮಾತಾಡಿದೆವು. ಎರಡನೇ ಸಲ ಕೇಳಿ ತೆಗೆದುಕೊಂಡದ್ದು ಕಿಟಕಿ ಪಕ್ಕದ ಮೇಜು, ಎರಡೇ ಕುರ್ಚಿ. ಮುಂದಿನ ವರ್ಷಕ್ಕೂ ಗ್ಯಾಲ್ವೆಸ್ಟನ್‌ನಿಂದಲೇ ಮುಂಗಡ ಕಟ್ಟಿದ್ದೇವೆ, ಈ ಸಲ ಏಪ್ರಿಲ್‌ನಲ್ಲಿ.