ಎಳೆ ಕುದುರೆಗೆ ಮೊದಲ ಪಾಠ: ಲಂಜ್ ಹಗ್ಗವಾ, ಉದ್ದ ಲಗಾಮಾ, ಜೀನಾ?

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ ತಂಡ (ಸವಾರನ ಸಣ್ಣ ಸನ್ನೆಗೆ ಕುದುರೆ ಗತ್ತಿನಲ್ಲಿ ಹೆಜ್ಜೆ ಹಾಕುವ ಸ್ಪರ್ಧೆ ಇದು) ಚಿನ್ನ ಗೆದ್ದಿತಲ್ಲ, ಅವತ್ತಿನಿಂದ ಧಾರವಾಡದಲ್ಲಿ ಕುದುರೆ ಸಾಕಿಕೊಂಡಿರುವ ನಮ್ಮಂಥ ನಾಲ್ಕು ಮಂದಿ ಕೂಡಿದರೆ ಇದೇ ಮಾತು. ನಮ್ಮ ಕುದುರೆಗೂ ಇದನ್ನೆಲ್ಲ ಕಲಿಸೋಕೆ ಆಗುತ್ತಾ? ಆಗುತ್ತೆ. ಆ ತಂಡದ ನಾಲ್ವರೂ ಯುರೋಪಿನಲ್ಲಿದ್ದು ತಯಾರಾದವರು, ಅವರ ಮಟ್ಟದ ಮಾತು ಬೇರೆ. ಆದರೆ ಬುನಾದಿ ಎಲ್ಲ ಕಡೆ ಒಂದೇ. ಕುದುರೆ ಮೈ ಸಡಿಲ ಬಿಡಬೇಕು. ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದು ಭಾರ ಹೊರಬೇಕು. ಸಣ್ಣ ಸನ್ನೆಗೇ ಓಗೊಡಬೇಕು. ಇವನ್ನು ಯಾವ ದಾರಿಯಲ್ಲಿ ತರುವುದು ಅನ್ನುವಲ್ಲೇ ಜಗಳ.

ನಾನು ಮೂರು ದಾರಿಗಳನ್ನು ಎರಡು ಕುದುರೆಗಳ ಮೇಲೆ ನೋಡಿದ್ದೇನೆ. ಹಳಿಯಾಳ ರಸ್ತೆಯ ಕಡೆ ನಮ್ಮ ಹೊಲ, ಮಸಾರಿ ಮಣ್ಣು. ಅಲ್ಲೇ ಗರಸು ಹಾಕಿ 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಕಣ ಮಾಡಿಕೊಂಡಿದ್ದೇನೆ. ದೊಡ್ಡ ಸ್ಪರ್ಧೆಗಳ ಅಂಕಣ 60 ಮೀಟರ್ ಉದ್ದ ಇರುತ್ತದೆ, ಎಳೆ ಕುದುರೆಗೆ ಇಷ್ಟು ಸಾಕು.

ಒಂದು ಚೆನ್ನಿ. ಮಾರ್ವಾಡಿ ತಳಿಯ ಹೆಣ್ಣು ಕುದುರೆ, ನಾಲ್ಕು ವರ್ಷ. ಕಿವಿ ನಿಮಿರಿಸಿದರೆ ಎರಡರ ತುದಿಯೂ ಒಂದಕ್ಕೊಂದು ತಾಗುತ್ತವೆ. ಇನ್ನೊಂದು ಬಾದಶಾ, ರೇಸಿನಿಂದ ಬಿಡಿಸಿಕೊಂಡು ಬಂದ ಥರೋಬ್ರೆಡ್, ಅಂದರೆ ರೇಸಿನ ತಳಿ, ಹಿಡ ಮಾಡಿದ ಗಂಡು. ಇಬ್ಬರ ತಕರಾರೂ ಬೇರೆ ಬೇರೆ. ಚೆನ್ನಿಗೆ ಗಾಬರಿಯಾದರೆ ರೇವಾಲ್ ಹಾಕುತ್ತಾಳೆ, ಅಂದರೆ ಒಂದೇ ಪಕ್ಕದ ಮುಂಗಾಲು ಹಿಂಗಾಲು ಹೆಚ್ಚುಕಮ್ಮಿ ಜೊತೆಗೇ ಏಳುತ್ತವೆ. ಮದುವೆ ಮೆರವಣಿಗೆಯಲ್ಲಿ ಕೂತ ವರನಿಗೆ ಅದು ಹಾಯಾಗಿರುತ್ತೆ. ಆದರೆ ಡ್ರೆಸಾಜ್‌ನಲ್ಲಿ ಗೊರಸು ನೆಲಕ್ಕೆ ಬೀಳುವ ತಾಳ ಕೆಡಬಾರದು: ನಡಿಗೆಗೆ ನಾಲ್ಕು ತಾಳ, ಟ್ರಾಟ್‌ಗೆ (ನಡಿಗೆಗಿಂತ ಚುರುಕಾದ ಓಟ) ಎರಡು, ಕ್ಯಾಂಟರ್‌ಗೆ (ಅದಕ್ಕಿಂತ ಜೋರಾದ, ನೆಗೆಯುವಂಥ ಓಟ) ಮೂರು. ಜರ್ಮನಿಯವರು ಹೇಳುವ ತರಬೇತಿಯ ಆರು ಮೆಟ್ಟಿಲಲ್ಲಿ ಮೊದಲನೆಯದೇ ತಾಳ, ಎರಡನೆಯದು ಸಡಿಲ. ಬಾದಶಾನ ತಾಳ ಚೆನ್ನಾಗಿದೆ. ಅವನಿಗೆ ಲಗಾಮು ಬಿಗಿದರೆ ಓಡು ಅಂತಲೇ ಅರ್ಥ. ರೇಸಿನ ಕುದುರೆ ಬಾಯಿ ಕಡಿವಾಣದ ಮೇಲೆ ಊರಿಯೇ ಓಡಲು ಕಲಿತಿರುತ್ತದೆ.

ಮೊದಲು ಲಂಜ್. ಉದ್ದ ಹಗ್ಗದ ತುದಿ ಹಿಡಿದು ನಾವು ನಡುವೆ ನಿಲ್ಲುವುದು, ಕುದುರೆ ಸುತ್ತ ತಿರುಗುವುದು. ಸುತ್ತು 15 ರಿಂದ 20 ಮೀಟರ್ ಅಗಲ ಇರಲೇಬೇಕು. ಅದಕ್ಕಿಂತ ಸಣ್ಣದಾದರೆ ಎಳೆಯ ಕೀಲುಗಳಿಗೆ ಪೆಟ್ಟು. ಇದರಲ್ಲಿ ಎರಡು ಪಂಗಡ: ಸೈಡ್ ರೇನ್ ಕಟ್ಟುವವರು, ಕಟ್ಟದವರು. ಸೈಡ್ ರೇನ್ ಅಂದರೆ ಕಡಿವಾಣದಿಂದ ಹೊಟ್ಟೆಪಟ್ಟಿಗೆ ಎರಡೂ ಪಕ್ಕ ಬಿಗಿಯುವ ಪಟ್ಟಿ.

ಕಟ್ಟಿದಾಗ ನೋಡೋಕೆ ಏನು ಚಂದ ಅಂತೀರಿ! ಕುತ್ತಿಗೆ ಬಿಲ್ಲಿನ ಹಾಗೆ ಬಾಗುತ್ತದೆ, ವಾಟ್ಸಾಪ್‌ಗೆ ಹಾಕಿದರೆ ಎಲ್ಲರೂ ಭೇಷ್ ಅನ್ನುತ್ತಾರೆ. ನಾನು ಮಾತ್ರ ಕುತ್ತಿಗೆ ಬಿಟ್ಟು ನೆಲ ನೋಡುತ್ತೇನೆ. ಗರಸಿನ ಮೇಲೆ ಸ್ವಲ್ಪ ನೀರು ಹೊಡೆದರೆ ಲಾಳದ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಸಡಿಲವಾಗಿ ನಡೆಯುವ ಕುದುರೆಯ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬೀಳಬೇಕು. ಪಟ್ಟಿ ಬಿಗಿದು ನಡೆಸಿದಾಗ ಚೆನ್ನಿಯ ಹಿಂಗಾಲು ಮುಂಗಾಲಿನ ಗುರುತನ್ನು ಮುಟ್ಟಲೂ ಇಲ್ಲ, ಗೇಣು ಹಿಂದೆಯೇ ಉಳಿಯಿತು. ಜೊತೆಗೆ ರೇವಾಲ್ ಕೂಡ ಶುರು. ಕಾರಣ ಸರಳ. ನಡೆಯುವಾಗ ಕುದುರೆ ಹೆಜ್ಜೆ ಹೆಜ್ಜೆಗೂ ತಲೆ ತೂಗುತ್ತದೆ. ಪಟ್ಟಿ ಅದನ್ನು ತಡೆಯಿತು ಅಂದರೆ ಬೆನ್ನು ಬಿಗಿಯುತ್ತದೆ, ಬೆನ್ನು ಬಿಗಿದರೆ ಹಿಂಗಾಲು ಬರೋದಿಲ್ಲ. ಬಾದಶಾ ಇನ್ನೂ ಜಾಣ, ಮೂತಿಯನ್ನು ಎದೆಗೆ ಒತ್ತಿಕೊಂಡು ಕಡಿವಾಣದಿಂದಲೇ ತಪ್ಪಿಸಿಕೊಂಡ. ಹೊರಗಿನಿಂದ ನೋಡಿದವರಿಗೆ ಎರಡೂ ಕುದುರೆ ಶಾಂತವಾಗಿಯೇ ಕಂಡವು.

ಪಟ್ಟಿ ಇಲ್ಲದ ಲಂಜ್ ಬೇರೆಯೇ. ಮೂಗಿನ ಮೇಲೆ ಕೂರುವ ಕ್ಯಾವೆಸನ್ ಅನ್ನುವ ಪಟ್ಟಿಗೆ ಹಗ್ಗ ಸಿಕ್ಕಿಸಿ, ಬಾಯಿಗೆ ಏನೂ ಇಲ್ಲದೆ, ಮಾತಿನಲ್ಲೇ ನಡೆ, ಟ್ರಾಟ್, ನಿಲ್ಲು ಹೇಳುವುದು. ಬಾದಶಾನಿಗೆ ಇದು ಬಹಳ ಒಗ್ಗಿತು. ಬೆನ್ನ ಮೇಲೆ ಯಾರೂ ಇಲ್ಲ, ಲಗಾಮೂ ಇಲ್ಲ, ಹಾಗಾಗಿ ಓಡುವ ನೆನಪೂ ಬರಲಿಲ್ಲ. ಟ್ರಾಟ್‌ನಿಂದ ನಡಿಗೆ, ಮತ್ತೆ ಟ್ರಾಟ್, ಹೀಗೆ ಬದಲಿಸುತ್ತ ಹೋದರೆ ತಲೆ ತಾನಾಗಿ ಕೆಳಗಿಳಿಯಿತು, ಮೂಗಿನಿಂದ ದೊಡ್ಡದಾಗಿ ಉಸಿರು ಬಿಟ್ಟ. ಚೆನ್ನಿಗೆ ಸುತ್ತು ಸುತ್ತುವುದೇ ಬೇಜಾರು. ಭುಜ ಒಳಗೆ ವಾಲಿಸಿ ಸುತ್ತನ್ನು ಸಣ್ಣದು ಮಾಡಿಕೊಳ್ಳುತ್ತಾಳೆ.

ಎರಡನೆಯದು ಉದ್ದ ಲಗಾಮು. ನನಗೆ ಇದನ್ನು ತೋರಿಸಿದ್ದು ಹಿಂದೆ ಹುಬ್ಬಳ್ಳಿಯಲ್ಲಿ ಟಾಂಗಾ ಹೊಡೆಯುತ್ತಿದ್ದ ಒಬ್ಬ ಕಾಕಾ. ಈಗ ನಮ್ಮ ಲಾಯ ನೋಡಿಕೊಳ್ಳುತ್ತಾರೆ. ಸೈಡ್ ರೇನ್ ನೋಡಿ ಅವರು ಅಂದದ್ದು: “ತಲಿ ಕಟ್ಟಿದ್ರ ಏನ್ ಬಂತ್ರಿ ಅಕ್ಕಾರ? ಗಾಡಿಗೆ ಹೂಡೂಕಿಂತ ಮೊದ್ಲ ನಾವು ಹಿಂದ ಹಿಂದ ನಡದು ಕಲಿಸ್ತಿದ್ವಿ. ಕುದುರಿ ತಾನs ಮುಂದ ಹೋಗೂದು ಕಲೀಬೇಕ್ರಿ.” ಯುರೋಪಿನ ಡ್ರೆಸಾಜ್ ಶಾಲೆಗಳಲ್ಲೂ ಉದ್ದ ಲಗಾಮಿನ ಕೆಲಸಕ್ಕೆ ದೊಡ್ಡ ಮರ್ಯಾದೆ ಇದೆ. ಟಾಂಗಾದವರಿಗೆ ಆ ಹೆಸರು ಬರಲಿಲ್ಲ, ಅಷ್ಟೇ.

ಕಡಿವಾಣದ ಎರಡೂ ಬದಿಯಿಂದ ಒಂದೊಂದು ಹಗ್ಗ. ಅವು ಹೊಟ್ಟೆಪಟ್ಟಿಯ ಬಳೆಯಲ್ಲಿ ಹಾದು ನಮ್ಮ ಕೈಗೆ ಬರುತ್ತವೆ. ನಾವು ಒದೆ ತಾಗದಷ್ಟು ದೂರದಲ್ಲಿ, ಹಿಂದೆ, ಸ್ವಲ್ಪ ಪಕ್ಕಕ್ಕೆ ನಡೆಯುವುದು. ಹೊರಗಿನ ಹಗ್ಗ ಹಿಂತೊಡೆಯನ್ನು ಸುತ್ತಿಕೊಂಡು ಬರುವುದರಿಂದ ಹಿಂಭಾಗ ಆಚೆ ಜಾರುವುದಿಲ್ಲ. ಸೈಡ್ ರೇನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಬಿಡುವುದರಲ್ಲಿದೆ. ಕುದುರೆ ಬಾಯಿ ಮೆತ್ತಗೆ ಮಾಡಿದ ಗಳಿಗೆಗೇ ಕೈ ಸಡಿಲಿಸಬಹುದು. ಬಿಗಿದ ಪಟ್ಟಿಗೆ ಅದು ಗೊತ್ತಾಗಲ್ಲ.

ಚೆನ್ನಿ ಬದಲಾದದ್ದು ಇಲ್ಲಿ. ಅಂಕಣ ಬಿಟ್ಟು ಬದುವಿನ ದಾರಿಯಲ್ಲಿ ನೇರ ನಡೆಸಿದೆವು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಾಡು ಬೇರೆ ಜೋರಾಗಿ ಹಾಕಿದ್ದ. ಮೊದಲು ಕಿವಿ ಎರಡೂ ಮುಂದೆ ಸೆಟೆದವು, ಬಾಲ ತೊಡೆಗೆ ಅಂಟಿತು. ಕಾಕಾ ಏನೂ ಮಾಡಲಿಲ್ಲ, ನಡೆಯುತ್ತಲೇ ಇದ್ದರು. ಟ್ರ್ಯಾಕ್ಟರ್ ದಾಟಿದ ಮೇಲೆ ಒಂದು ಕಿವಿ ನಮ್ಮ ಕಡೆ ತಿರುಗಿತು. ಆಮೇಲೆ ಕಡಿವಾಣ ಮೆಲ್ಲಗೆ ಚಪ್ಪರಿಸತೊಡಗಿದಳು, ತುಟಿಯ ಅಂಚಿಗೆ ತೆಳು ನೊರೆ ಬಂತು, ಬಾಲ ಎಡಕ್ಕೂ ಬಲಕ್ಕೂ ತೂಗಿತು. ಹಿಂತಿರುಗುವಾಗ ದಾರಿಯ ಧೂಳಲ್ಲಿ ಹಿಂಗಾಲಿನ ಗುರುತು ಮುಂಗಾಲಿನದಕ್ಕಿಂತ ಪೂರ್ತಿ ಒಂದು ಲಾಳದಷ್ಟು ಮುಂದೆ ಬಿದ್ದಿತ್ತು. ನಾಲ್ಕು ತಾಳವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ತೊಂದರೆ ಇಲ್ಲ ಅಂತಲ್ಲ. ಹಗ್ಗ ಬಾಲದ ಕೆಳಗೆ ಸಿಕ್ಕಿತೋ, ಕಾಲಿಗೆ ತೊಡರಿತೋ, ಕುದುರೆ ಹೌಹಾರಿ ಕಿತ್ತುಕೊಂಡು ಓಡುತ್ತದೆ. ಕೈಗವಸು ಬೇಕೇ ಬೇಕು. ಬಾದಶಾನಿಗಂತೂ ತೊಡೆಗೆ ಹಗ್ಗ ಸವರಿದರೆ ಸಾಕು, ರೇಸಿನ ಗೇಟು ತೆರೆದಂತೆ ಜಿಗಿಯುತ್ತಾನೆ. ಅವನಿಗೆ ಇದನ್ನು ಹೆಚ್ಚು ಮಾಡಿಸಲು ಹೋಗಲಿಲ್ಲ. ಇನ್ನು ಅಣ್ಣಿಗೇರಿ, ನವಲಗುಂದದ ಕಡೆಯ ಎರೆ ಹೊಲದಲ್ಲಿ ಮಳೆಗಾಲಕ್ಕೆ ಈ ಆಸೆಯೇ ಬೇಡ. ಆ ಕೆಸರು ಲಾಳವನ್ನೇ ಕಿತ್ತುಕೊಳ್ಳುತ್ತದೆ.

ಕೊನೆಗೆ ಜೀನು. ಕುದುರೆಯ ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದೇ ಐದೂವರೆ ಆರು ವರ್ಷಕ್ಕೆ, ಕಾಲಿನ ಮೂಳೆಗಳಿಗಿಂತ ತಡವಾಗಿ. ಎಳೆ ಡ್ರೆಸಾಜ್ ಕುದುರೆಗಳ ವಿಶ್ವ ಚಾಂಪಿಯನ್‌ಷಿಪ್ ಕೂಡ ಐದು ವರ್ಷದವುಗಳಿಂದಲೇ ಶುರುವಾಗುತ್ತದೆ. ಹಾಗಾಗಿ ಚೆನ್ನಿಯ ಮೇಲೆ ಸ್ವಲ್ಪ ಹೊತ್ತು ಮಾತ್ರ ಕೂರುತ್ತೇನೆ. ಲಗಾಮು ಉದ್ದ ಬಿಟ್ಟು, ಕುತ್ತಿಗೆಯನ್ನು ಮುಂದಕ್ಕೆ ಕೆಳಕ್ಕೆ ಚಾಚಲು ಬಿಡುತ್ತೇನೆ. ಬೆನ್ನು ಮೇಲೇಳುವುದು ತೊಡೆಗೆ ಗೊತ್ತಾಗುತ್ತದೆ.

ಸನ್ನೆಗೆ ಓಗೊಡುವುದನ್ನು ಕಲಿಸುವುದರಲ್ಲಿ ಮಾತ್ರ ಜೀನಿಗೆ ಸಾಟಿಯಿಲ್ಲ. ಕಾಲಿನ ಸನ್ನೆಯನ್ನು ನೆಲದ ಮೇಲೆ ನಿಂತು ಹೇಗೆ ಕಲಿಸೋದು? ಮೀನಖಂಡ ಸುಮ್ನೆ ತಾಗಿಸುವುದು. ಕೇಳದಿದ್ದರೆ ಚಾಟಿಯಿಂದ ಒಂದೇ ಸಲ ಮುಟ್ಟಿಸುವುದು, ಕೇಳಿದ ಕೂಡಲೇ ಸುಮ್ಮನಾಗುವುದು. ಹೆಜ್ಜೆ ಹೆಜ್ಜೆಗೂ ಒದೆಯುತ್ತಿದ್ದರೆ ಕುದುರೆಯ ಪಕ್ಕೆ ಮರಗಟ್ಟುತ್ತದೆ. ಬಾದಶಾನ ವಿಷಯದಲ್ಲಿ ಪಾಠ ತಿರುಗಾಮುರುಗಾ. ಓಡಬೇಡ ಅಂತ ಲಗಾಮು ಎಳೆದರೆ ಜಾಸ್ತಿ ಓಡುತ್ತಾನೆ. ಹಾಗಾಗಿ ಲಗಾಮು ಬಿಟ್ಟು ಉಸಿರು ಹೊರಹಾಕಿ ಜೀನಿನಲ್ಲಿ ಭಾರವಾಗಿ ಕೂರುತ್ತೇನೆ, 20 ಮೀಟರ್ ಸುತ್ತಿಗೆ ತಿರುಗಿಸುತ್ತೇನೆ. ಸುತ್ತೇ ಅವನನ್ನು ನಿಧಾನ ಮಾಡುತ್ತದೆ. ಒಳಗಿನ ಹಿಂಗಾಲು ತಾನಾಗಿ ಹೊಟ್ಟೆಯ ಕೆಳಗೆ ಬರುತ್ತದೆ.

ಒಟ್ಟಿನಲ್ಲಿ ನನ್ನ ಓಟು ಉದ್ದ ಲಗಾಮಿಗೆ, ಕುದುರೆ ಚೆನ್ನಿಯಂಥದ್ದಾದರೆ. ರೇಸಿನಿಂದ ಬಂದದ್ದಾದರೆ ಪಟ್ಟಿ ಇಲ್ಲದ ಲಂಜ್, ಆಮೇಲೆ ನೇರ ಜೀನು. ಪಳಗಿದ ಕೈಯವರು ರಬ್ಬರ್ ಬಳೆಯ ಸೈಡ್ ರೇನನ್ನು ಉದ್ದ ಬಿಟ್ಟು, ಟ್ರಾಟ್‌ನಲ್ಲಿ ಮಾತ್ರ, ಸ್ವಲ್ಪ ಹೊತ್ತು ಬಳಸುವುದನ್ನು ನೋಡಿದ್ದೇನೆ, ಅದಕ್ಕೆ ನನ್ನ ತಕರಾರಿಲ್ಲ. ನಡಿಗೆಯಲ್ಲಿ ಕಟ್ಟುವುದಂತೂ ಬೇಡ. ಯಾವುದನ್ನೇ ಮಾಡಿ, ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು, ಇಲ್ಲವಾದರೆ ಬಾಯಿ ಚಪ್ಪರಿಸುವುದೇ ಇಲ್ಲ. ಸಹಾಯಕ್ಕೆ ಇನ್ನೊಬ್ಬರು ಇಲ್ಲದವರು ಉದ್ದ ಲಗಾಮಿಗೆ ಈಗಲೇ ಕೈ ಹಾಕಬೇಡಿ. ಮೊದಲ ಕೆಲವು ದಿನ ಕುದುರೆಯ ತಲೆಯ ಹತ್ತಿರ ಒಬ್ಬರು ನಡೆಯಲೇಬೇಕು.