ಅರವತ್ತು ದಾಟಿದವರ ಫ್ಲೂ ಲಸಿಕೆ: ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಹಾಕಿಸಿ

ಮಂಗಳೂರಿನ ದೊಡ್ಡ ಮೆಡಿಕಲ್‌ಗಳಲ್ಲಿ ಸಿಗುವ, ಸಿರಿಂಜಿನಲ್ಲೇ 0.5 ಮಿ.ಲೀ. ತುಂಬಿ ಬರುವ ಮಾಮೂಲಿ ಫ್ಲೂ ಲಸಿಕೆಗೆ ವಯಸ್ಸಾದವರ ಮಟ್ಟಿಗೆ ನಮ್ಮ ಅಂಕ ಐದಕ್ಕೆ ಮೂರೂವರೆ. ಕಡಿತವಾದ ಒಂದೂವರೆ ಅಂಕದಲ್ಲಿ ಲಸಿಕೆಯ ತಪ್ಪು ಕಡಿಮೆ. ಹಾಕಿಸಿಕೊಳ್ಳುವ ಮೈ ಮತ್ತು ಮಾರುವವರ ಫ್ರಿಜ್ಜಿನ ಪಾಲೇ ಹೆಚ್ಚು.

ಮೊದಲು ಮೈಯ ವಿಚಾರ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಹರೆಯದಿಂದಲೇ ಸೊರಗುತ್ತ ಬಂದು, ಅರವತ್ತರ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಅಲ್ಲಿ ಬಲಿಯುವ, ಸೋಂಕಿನೊಡನೆ ಹೋರಾಡುವ ಟಿ ಕೋಶಗಳು ಹೊಸದಾಗಿ ಹುಟ್ಟುವುದು ತೀರಾ ಕಡಿಮೆ. ಇರುವ ಜಾಗವನ್ನೂ ಹಳೆಯ ಸೋಂಕುಗಳ, ಅದರಲ್ಲೂ ಮೈಯಲ್ಲೇ ಬೀಡುಬಿಟ್ಟ ಸೈಟೋಮೆಗಾಲೊ ವೈರಸ್ಸಿನ ನೆನಪಿನ ಕೋಶಗಳು ಹಿಡಿದಿರುತ್ತವೆ. ಟಿ ಕೋಶಗಳ ಬೆಂಬಲ ಸಾಲದೆ ಬಿ ಕೋಶಗಳು ತಯಾರಿಸುವ, ವೈರಸ್ಸನ್ನು ಹಿಡಿದು ತಡೆಯುವ ಪ್ರತಿಕಾಯವೂ ತೆಳುವಾಗುತ್ತದೆ. ಇನ್ನು ನಿಜವಾದ ಫ್ಲೂ ತಗುಲಿದಾಗ, ಮೊದಲು ಎಚ್ಚರಿಸಬೇಕಾದ ಪ್ರೋಟೀನ್ ಆದ ಇಂಟರ್‌ಫೆರಾನ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ವೈರಸ್ ಶ್ವಾಸಕೋಶದೊಳಗೆ ಹಬ್ಬಿರುತ್ತದೆ. ಆಮೇಲೆ ಎದ್ದ ಉರಿಯೂತ ಬೇಗ ಆರುವುದಿಲ್ಲ. ಫ್ಲೂ ಪತ್ತೆಯಾದ ಮೊದಲ ವಾರ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಏರುತ್ತದೆಂದು 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ತೋರಿಸಿದೆ. ಹಾಗಾಗಿ ಅರೆಬರೆ ರಕ್ಷಣೆಯಾದರೂ ಕೊಟ್ಟ ದುಡ್ಡು ದಂಡವಲ್ಲ.

ಮಾಮೂಲಿ ಲಸಿಕೆಯಲ್ಲಿ ಪ್ರತಿ ತಳಿಗೆ 15 ಮೈಕ್ರೋಗ್ರಾಂ ಪ್ರತಿಜನಕ (ಮೈಗೆ ವೈರಸ್ಸಿನ ಗುರುತು ಹಿಡಿಸುವ ಅಂಶ) ಇರುತ್ತದೆ. ಹಿರಿಯರಿಗೆಂದೇ ಇರುವ ಹೈ ಡೋಸ್‌ನಲ್ಲಿ 60. 65 ದಾಟಿದವರಲ್ಲಿ ಅದು ಮಾಮೂಲಿಗಿಂತ ಸುಮಾರು ಶೇ 24ರಷ್ಟು ಹೆಚ್ಚು ಫ್ಲೂ ತಡೆದದ್ದು 2014ರ ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಅದು ಸಿಗಲಿ ಎಂದು ಕಾಯುತ್ತ ಮಳೆಗಾಲ ಕಳೆಯುವುದು ಮಾತ್ರ ಬುದ್ಧಿವಂತಿಕೆಯಲ್ಲ. ಬಾಕ್ಸಿನ ಮೇಲೆ ನಾಲ್ಕು ತಳಿಯ ಬದಲು ಮೂರೇ ಇದ್ದರೂ ಮೋಸವೇನಿಲ್ಲ: ನಾಲ್ಕನೆಯದಾಗಿದ್ದ ಬಿ ಯಮಗಾಟಾ ತಳಿ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ.

ನಮ್ಮ ಕರಾವಳಿಯಲ್ಲಿ ಫ್ಲೂ ಏರುವುದು ಮಳೆಯೊಂದಿಗೆ. ಪ್ರತಿಕಾಯ ಮೂಡಲು ಎರಡು ವಾರ ಬೇಕು. ಆದ್ದರಿಂದ ಪತ್ತನಾಜೆ, ಅಂದರೆ ಮೇ ಕೊನೆಯ ವಾರದೊಳಗೆ ಹಾಕಿಸಿ ಮುಗಿಸಬೇಕು. ಏಪ್ರಿಲ್ ಕೊನೆಗೇ ಆದರೆ ಇನ್ನೂ ಒಳ್ಳೆಯದು. ಆಗ ಅಂಗಡಿಯಲ್ಲಿ ಹಿಂದಿನ ಸೀಸನ್ನಿನ ಹಳೇ ಸ್ಟಾಕೂ ಇರುತ್ತದೆ. ಬಾಕ್ಸಿನ ಮೇಲಿನ ಸೀಸನ್ ವರ್ಷ ಮತ್ತು ಎಕ್ಸ್‌ಪೈರಿ ಎರಡನ್ನೂ ನೋಡಿ, ಹೊಸದನ್ನೇ ಕೇಳಿ. ರಕ್ಷಣೆ ತಿಂಗಳುಗಳಲ್ಲಿ ಇಳಿಯುವುದರಿಂದ ವರ್ಷವರ್ಷವೂ ಬೇಕು.

ಹೆಚ್ಚು ಎಡವುವುದು ಸಾಗಣೆಯಲ್ಲಿ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹಂಪನಕಟ್ಟೆಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇ ಬಿಸಿಲಲ್ಲಿ ಬಸ್ಸು ಹತ್ತಿ ಸುರತ್ಕಲ್‌ನ ಕ್ಲಿನಿಕ್ಕಿಗೆ ಒಯ್ದರೆ ಆ ಮಿತಿ ದಾಟಿಹೋಗುತ್ತದೆ. ಹಾಗೆಂದು ಮೀನಿನ ಹಾಗೆ ನೇರ ಐಸಿನ ಮೇಲೆ ಇಡುವುದು ಇನ್ನೂ ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದ ಲಸಿಕೆಯನ್ನು ಎಸೆಯಬೇಕು. ಐಸ್‌ಪ್ಯಾಕಿಗೆ ಬಟ್ಟೆ ಸುತ್ತಿ, ಬಾಕ್ಸು ತಾಗದಂತೆ ಇಡಿ. ಇದೆಲ್ಲ ರಗಳೆ ಅನಿಸಿದರೆ ಲಸಿಕೆ ಇಟ್ಟು ಅಲ್ಲೇ ಚುಚ್ಚುವ ಕ್ಲಿನಿಕ್ಕಿಗೆ ಹೋಗಿ. ಕರೆಂಟ್ ಹೋದಾಗ ಫ್ರಿಜ್ಜಿಗೆ ಜನರೇಟರ್ ಇದೆಯೇ, ಒಳಗೆ ಥರ್ಮಾಮೀಟರ್ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಚುಚ್ಚುವುದು ತೋಳಿನ ಮೇಲ್ಭಾಗದ ಸ್ನಾಯುವಿಗೆ, ಭುಜದ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ. ವಯಸ್ಸಾದ ತೆಳು ತೋಳಿಗೆ ಮೇಲೆ ಚುಚ್ಚಿದರೆ ಕೀಲು ನೋವು ವಾರಗಟ್ಟಲೆ ಕಾಡಬಹುದು. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು: ತೆಳುವಾದ ಸೂಜಿ, ಆಮೇಲೆ ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯುವುದು. ಹದಿನೈದು ನಿಮಿಷ ಅಲ್ಲೇ ಕೂರಿಸಿ. ನ್ಯುಮೋನಿಯಾ ಲಸಿಕೆ ಬೇಕಿದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.

ಲಸಿಕೆ ಹಾಕಿಸಿದ್ದರೂ, ಹಿರಿಯರಿಗೆ ಫ್ಲೂ ಬಂದಾಗ ಜ್ವರ ಏರಲೇಬೇಕೆಂದಿಲ್ಲ. ಗಂಜಿಯೂ ಸೇರದಿರುವುದು, ಏಕಾಏಕಿ ಗಲಿಬಿಲಿ, ಬಚ್ಚಲಲ್ಲಿ ಬೀಳುವುದು ಮೊದಲ ಲಕ್ಷಣವಾಗಿರಬಹುದು. ಫ್ಲೂ ವೈರಸ್ಸಿನ ಔಷಧ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರುಮಾಡಿದರೆ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಇಳಿಸಬೇಕಾಗುತ್ತದೆ; ಹಾಗಾಗಿ ಡಾಕ್ಟರ ಬಳಿ ಹೋಗುವಾಗ ಕಿಡ್ನಿಯ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿ ಕೈಯಲ್ಲಿರಲಿ.